ಸಣ್ಣ ಅಲೆಯೆಂದು ಸಸಾರ ಮಾಡಬೇಡ

ನೋಡಮ್ಮ, ಅರೇಖೀಯ ಅಲೆ ಸಮೀಕರಣಗಳ ಮೇಲೆ ಪಿಎಚ್‌ಡಿಗೆ ಕೂತಿದ್ದೀಯ, ಸಂತೋಷ. ಒಂದೇ ಮಾತು ಹೇಳುತ್ತೇನೆ: ಅಲೆ ಶುರುವಿನಲ್ಲಿ ಸಣ್ಣದಿದೆ ಅಂದಮಾತ್ರಕ್ಕೆ ಕೊನೆತನಕ ಸುಮ್ಮನಿರುತ್ತದೆ ಎಂದು ನಂಬಿ ಕೂರಬೇಡ.

ಮೂರು ಆಯಾಮಗಳಲ್ಲಿ ಅಲೆ ಹರಡಿದಂತೆಲ್ಲ ತಗ್ಗುತ್ತದೆ. ಕಾಲ ಹತ್ತು ಪಟ್ಟಾದರೆ ಎತ್ತರ ಹತ್ತರಲ್ಲೊಂದು. ಇಷ್ಟು ತಗ್ಗಿದ ಮೇಲೆ ಅರೇಖೀಯ ಪದ ಏನು ಮಾಡೀತು ಅನ್ನಿಸುತ್ತದೆ. ಆದರೆ ಆ ಪದ ವರ್ಗರೂಪದ್ದಾದರೆ, ಅದು ಸೇರಿಸುತ್ತ ಹೋಗುವ ಪಾಲು 1, 1/2, 1/3, 1/4 ಎಂದು ಸಾಗುತ್ತದೆ. ಒಂದಕ್ಕಿಂತ ಒಂದು ಚಿಕ್ಕದು, ಮೊತ್ತಕ್ಕೆ ಮಾತ್ರ ಮಿತಿಯಿಲ್ಲ. ಹನಿ ಹನಿಗೂಡಿದರೆ ಹಳ್ಳ.

1981ರಲ್ಲಿ ಗಣಿತಜ್ಞ ಫ್ರಿಟ್ಜ್ ಜಾನ್ ಒಂದು ಉದಾಹರಣೆ ಕೊಟ್ಟರು. ಸಮೀಕರಣದ ಬಲಬದಿಯಲ್ಲಿ, ಕಾಲದೊಡನೆ ಅಲೆ ಬದಲಾಗುವ ದರದ ವರ್ಗವೊಂದೇ ಇದೆ ಅನ್ನು. ಸೀಮಿತ ಜಾಗದಲ್ಲಿ ಹುಟ್ಟಿದ ಅಲೆ ಎಷ್ಟೇ ಚಿಕ್ಕದಿರಲಿ, ಪರಿಹಾರ ಒಂದು ದಿನ ಸ್ಫೋಟಿಸಿಯೇ ತೀರುತ್ತದೆ. ಯಾವಾಗ? ಎತ್ತರ 0.01 ಇದ್ದರೆ, ಸ್ಥಿರಾಂಕ ಬದಿಗಿಟ್ಟು ಹೇಳುವುದಾದರೆ, ಇ ಸಂಖ್ಯೆಯ 100ನೇ ಘಾತದಷ್ಟು ಕಾಲ ಕಳೆದ ಮೇಲೆ. ಅದನ್ನು ಬರೆಯಲು 44 ಅಂಕೆ ಬೇಕು. ಯಾವ ಕಂಪ್ಯೂಟರೂ ಅಲ್ಲಿತನಕ ಓಡದು. ನಿನ್ನ ಪರದೆಯ ಮೇಲೆ ಎಲ್ಲ ನೆಟ್ಟಗೇ ಕಾಣುತ್ತದೆ.

ಈಗ ಅದೇ ವರ್ಗದಿಂದ, ಜಾಗದ ಮೂರು ದಿಕ್ಕುಗಳ ದರಗಳ ವರ್ಗಗಳನ್ನು ಕಳೆದುಬಿಡು. ಪರಿಹಾರದ ಚಿಹ್ನೆ ಬದಲಿಸಿ, ಇ-ಯ ಘಾತಕ್ಕೇರಿಸಿ, ಅದನ್ನೇ ಹೊಸ ಚರಾಕ್ಷರವಾಗಿ ಇಟ್ಟುಕೊ. ಇದು ಲೂಯಿ ನಿರೆನ್‌ಬರ್ಗ್ ಅವರ ಉಪಾಯ. ಅರೇಖೀಯ ಪದ ಪೂರ್ತಿ ಹೊಡೆದುಹೋಗಿ ಸಾದಾ ಅಲೆ ಸಮೀಕರಣ ಉಳಿಯುತ್ತದೆ; ಸಣ್ಣ ಅಲೆ ಅಲ್ಲಿ ಎಂದೆಂದಿಗೂ ಬಾಳುತ್ತದೆ. ಎರಡೂ ಕಡೆ ಇರುವುದು ವರ್ಗವೇ. ಹಣೆಬರಹ ಬದಲಾಗಿದ್ದು ಕಳೆದದ್ದರಿಂದ. ಇಂಥ ಎಲ್ಲ ಪದಗಳನ್ನೂ ಗುರುತಿಸುವ ‘ನಲ್ ಕಂಡೀಷನ್’ ಇದ್ದರೆ ಸಣ್ಣ ಅಲೆಗೆ ಸ್ಫೋಟವಿಲ್ಲ ಎಂದು 1986ರಲ್ಲಿ ಕ್ಲೈನರ್‌ಮನ್ ಮತ್ತು ಕ್ರಿಸ್ಟೊಡೌಲೌ, ಬೇರೆ ಬೇರೆ ದಾರಿ ಹಿಡಿದು, ಸಾಧಿಸಿದರು.

ಆದ್ದರಿಂದ ಹೊಸ ಸಮೀಕರಣ ಎದುರಾದಾಗ ಕೋಡ್ ಬರೆಯುವ ಮುಂಚೆ ಪದದ ರಚನೆ ನೋಡು. ಅಲೆ ಓಡುವ ದಿಕ್ಕಿನಲ್ಲಿ ಅದು ತನ್ನಷ್ಟಕ್ಕೇ ರದ್ದಾಗುತ್ತದೆಯೇ? ನಲ್ ಕಂಡೀಷನ್ ಕೇಳುವುದೂ ಇದನ್ನೇ. ಆಗದಿದ್ದರೆ, ಪರಿಹಾರ ಎಷ್ಟು ಕಾಲ ತಾಳೀತು ಎಂದು ಲೆಕ್ಕ ಹಾಕು. ಪೇಪರ್ ಎಲ್ಲಿ ಎಂದು ಗೈಡ್ ಅವಸರ ಮಾಡಬಹುದು, ಮಾಡಲಿ ಬಿಡು. ಈ ಎರಡು ಉದಾಹರಣೆಗಳನ್ನು ಕೈಯಾರೆ ಮಾಡಿ ಮುಗಿಸದೆ ಮೂರನೆಯದನ್ನು ಮುಟ್ಟಬೇಡ.