ವಿಶ್ವಾಸಕ್ಕೆ ಅಂಕ ಹಾಕಬೇಡ, ತಂಗಿ

ತಂಗಿ,

ನೀನು ಕಳಿಸಿದ ಗುರಿಗಳ ಪಟ್ಟಿಯನ್ನು ಪೂರ್ತಿ ಓದಿದೆ. ಜೂನ್‌ನಿಂದ ಇಬ್ಬರೂ ಮಕ್ಕಳನ್ನು ಇಟ್ಟಂಗಿಹಾಳದ ತೋಟದ ಮನೆಯಲ್ಲೇ ಓದಿಸುವುದೆಂದು ನೀವು ಗಂಡಹೆಂಡತಿ ಗಟ್ಟಿ ಮನಸ್ಸು ಮಾಡಿದ್ದೀರಿ. ಬೇಕೋ ಬೇಡವೋ ಎಂಬ ಮಾತನ್ನು ನಿಮ್ಮ ಅತ್ತೆ–ಮಾವ ಈಗಾಗಲೇ ಸಾಕಷ್ಟು ಆಡಿರುತ್ತಾರೆ, ನಾನು ಮತ್ತೆ ಎತ್ತುವುದಿಲ್ಲ. ನೀನು ಕೇಳಿದ್ದು ಗುರಿಗಳ ಬಗ್ಗೆ.

ಮೊದಲನೇ ಸಾಲು, ‘ಮಗನ ವಿಶ್ವಾಸ ಆಳವಾಗಬೇಕು’. ಎರಡನೇದು, ‘ಮಗಳಿಗೆ ಪ್ರಾರ್ಥನೆ ಅಂದರೆ ಪ್ರೀತಿ ಹುಟ್ಟಬೇಕು’. ಎದುರಿಗೆ ತಿಂಗಳಿಗೊಂದು ಗುರುತು ಹಾಕಲು ಖಾನೆ. ಆ ಖಾನೆಗಳನ್ನು ಅಳಿಸಿಬಿಡವ್ವ. ಮಕ್ಕಳು ಬಹಳ ಜಾಣರು. ಯಾವ ಮುಖ ಮಾಡಿಕೊಂಡು ಕಣ್ಣು ಮುಚ್ಚಿದರೆ ಅವ್ವನಿಗೆ ಖುಷಿ ಎಂಬುದು ಎಂಟು ವರ್ಷದ ಹುಡುಗನಿಗೆ ಒಂದೇ ವಾರದಲ್ಲಿ ತಿಳಿಯುತ್ತದೆ. ಮುಂದೆ ಅವನು ಅಷ್ಟನ್ನೇ ಮಾಡುತ್ತಾನೆ. ವಿಶ್ವಾಸ ಕೊಡುವುದು ದೇವರ ಕೆಲಸ. ತಿಳಿಸುವುದು, ರೂಢಿ ಹಾಕಿಸುವುದು, ನಡೆದು ತೋರಿಸುವುದು ನಿಮ್ಮ ಪಾಲಿನವು. ಗುರಿ ಬರೆಯುವುದಾದರೆ ಇವಕ್ಕೆ ಬರೆ.

ಹೇಗೆ ಅಂದರೆ, ‘ಕ್ರಿಸ್‌ಮಸ್ ಹೊತ್ತಿಗೆ ಮಗ ಲೂಕನ ಸುವಾರ್ತೆಯನ್ನು ಕನ್ನಡದಲ್ಲಿ ತಾನೇ ಓದಿ ಮುಗಿಸಬೇಕು, ಪ್ರತಿ ಅಧ್ಯಾಯದಿಂದ ಒಂದು ಕಥೆಯನ್ನು ತಂಗಿಗೆ ತನ್ನ ಮಾತಿನಲ್ಲಿ ಹೇಳಬೇಕು’. ಲೂಕನಲ್ಲಿ 24 ಅಧ್ಯಾಯ. ವಾರಕ್ಕೊಂದು ಓದಿದರೂ ಜೂನ್ ನಡುವಿನಿಂದ ನವೆಂಬರ್ ಕೊನೆಗೆ ಮುಗಿಯುತ್ತದೆ, ಜ್ವರ ಬಂದ ವಾರಕ್ಕೂ ನೆಂಟರು ಬಂದ ವಾರಕ್ಕೂ ಜಾಗ ಉಳಿಯುತ್ತದೆ. ಮುಗಿಯಿತೋ ಇಲ್ಲವೋ ನೋಡಿದರೆ ಗೊತ್ತಾಗುವ ಗುರಿ ಇದು. ತಪ್ಪಿಹೋದ ಮಗನ ಕಥೆ ಹೇಳುವಾಗ ಅವನು ಹಿರಿಯ ಮಗನ ಪರ ವಹಿಸಿಕೊಂಡು ಜಗಳ ತೆಗೆದರೆ ತಿದ್ದಬೇಡ. ಕಥೆ ಒಳಗೆ ಇಳಿದಿದೆ ಎಂದು ತಿಳಿ.

ಅದೇ ಲೂಕನ ಎರಡನೇ ಅಧ್ಯಾಯದ ಕೊನೆಯನ್ನು ನಿನ್ನ ಪಟ್ಟಿಯ ಪಕ್ಕಕ್ಕಿಟ್ಟು ನೋಡು. ಬಾಲಕ ಯೇಸು ಬೆಳೆದ ರೀತಿಯನ್ನು ಹೇಳುವಾಗ ದೇವರ ದಯೆಯ ಜೊತೆಗೇ ಮನುಷ್ಯರ ದಯೆಯನ್ನೂ ಹೇಳಿದೆ. ನಿನ್ನ ಪಟ್ಟಿಯಲ್ಲಿ ದೇವರಿಗೆ ಮೂರು ಪುಟ, ಮನುಷ್ಯರಿಗೆ ಒಂದು ಸಾಲು! ಮನೆಯಲ್ಲಿ ಓದುವ ಮಕ್ಕಳಿಗೆ ಕೊರತೆ ಬೀಳುವುದೇ ಅಲ್ಲಿ. ಸಂಜೆ ಊರ ಹುಡುಗರ ಜೊತೆ ಮೈಯೆಲ್ಲ ಧೂಳಾಗುವಷ್ಟು ಆಡುವುದನ್ನೂ ಗುರಿಯಾಗಿಯೇ ಬರೆದುಕೋ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನಗಳನ್ನು ನೋಡಲಿ, ಪಕ್ಕದ ತೊರವಿಯ ನರಸಿಂಹನ ಗುಡಿಯ ಬಗ್ಗೆ ಅಲ್ಲಿಯವರ ಬಾಯಿಂದಲೇ ಕೇಳಲಿ. ನೆರೆಯವರ ದೇವರ ಬಗ್ಗೆ ಹಗುರವಾಗಿ ಮಾತಾಡದೆ, ತನ್ನ ದೇವರ ಬಗ್ಗೆ ಅಂಜದೆ ಹೇಳಲು ಬರುವ ಹುಡುಗ ಸಾಲಿಗೆ ಹೋದರೂ ಒಂದೇ, ಮನೆಯಲ್ಲಿ ಕೂತರೂ ಒಂದೇ.

ಪುಸ್ತಕದ ವಿಷಯ. ಅಮೆರಿಕದಿಂದ ತರಿಸಿದ ಪಠ್ಯ ಚೆನ್ನಾಗಿಯೇ ಇದೆ, ಬಣ್ಣ ಬಣ್ಣದ್ದು. ಆದರೆ ಅದರ ತುಂಬ ಹಿಮ, ಟರ್ಕಿ ಕೋಳಿ, ಅವರ ಥ್ಯಾಂಕ್ಸ್‌ಗಿವಿಂಗ್. ನಮ್ಮ ಸಭೆಯ ಸುಗ್ಗಿ ಹಬ್ಬಕ್ಕೆ ಜೋಳದ ತೆನೆ, ಕುಂಬಳಕಾಯಿ ತಂದು ಲಿಲಾವು ಮಾಡುವುದು ಅದರಲ್ಲಿ ಎಲ್ಲಿ ಬರಬೇಕು? ಇಂಗ್ಲಿಷನ್ನು ಅದರಿಂದ ಕಲಿಸು, ಬೇಡ ಅನ್ನುವುದಿಲ್ಲ. ಬೈಬಲ್ ವಾಕ್ಯ, ಪ್ರಾರ್ಥನೆ, ಹಾಡು ಮಾತ್ರ ಅಜ್ಜಿಯ ಭಾಷೆಯಲ್ಲೇ ಇರಲಿ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ ಎಂದು 1862ರಲ್ಲಿ ತಂದರು. ಕವಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು 1875ರಲ್ಲಿ ಸಂಪಾದಿಸಿದರು. 1894ರಲ್ಲಿ ನಿಘಂಟು ಕೊಟ್ಟರು. ಇಷ್ಟೆಲ್ಲ ಮಾಡಿ ಅವರ ವಿಶ್ವಾಸವೇನೂ ತೆಳುವಾಗಲಿಲ್ಲ. ವಿಜಯಪುರದಲ್ಲೇ ವಕೀಲರಾಗಿದ್ದ ಹಳಕಟ್ಟಿಯವರು ಓಲೆಗರಿಯ ವಚನಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದ ಸಂಗತಿಯನ್ನೂ ನಿನ್ನ ಮಕ್ಕಳು ತಿಳಿದಿರಬೇಕು. ತಮ್ಮ ಊರಿನ ಆಸ್ತಿ ಅದು.

ಇನ್ನು ನಿಮ್ಮ ದ್ರಾಕ್ಷಿ. ಯೋಹಾನನ 15ನೇ ಅಧ್ಯಾಯ ಓದಿಸಲು ತಿಕೋಟಾ–ಇಟ್ಟಂಗಿಹಾಳದ ಕಡೆಯಷ್ಟು ಅನುಕೂಲದ ಜಾಗ ಇನ್ನೆಲ್ಲಿದೆ ಹೇಳು. ಅದನ್ನು ಪಟ್ಟಿಯಲ್ಲಿ ಆಗಸ್ಟ್‌ಗೆ ಹಾಕಿದ್ದೀಯ. ತೆಗೆದು ಅಕ್ಟೋಬರ್ ಚಾಟಣಿಗೆ ಇಡು. ಕತ್ತರಿ ಬಿದ್ದ ಕಡ್ಡಿಯ ತುದಿಯಿಂದ ನೀರು ತೊಟ್ಟಿಕ್ಕುವುದನ್ನು ಮಗ ಬೆರಳಿನಲ್ಲಿ ಮುಟ್ಟಿ ನೋಡಲಿ. ಯಾವ ಕಡ್ಡಿ ಉಳಿಸಿದಿರಿ, ಯಾವುದು ತೆಗೆದಿರಿ, ಯಾಕೆ ಎಂದು ಚಾಟಣಿ ಮಾಡುವವರನ್ನೇ ಕೇಳಲಿ. ಏಪ್ರಿಲ್ ಚಾಟಣಿ ಕಡ್ಡಿಗಾಗಿ, ಅಕ್ಟೋಬರಿನದು ಹಣ್ಣಿಗಾಗಿ ಎಂಬುದು ಆಗ ತಾನಾಗೇ ತಲೆಗೆ ಹತ್ತುತ್ತದೆ. ಆ ರಾತ್ರಿ ಅಧ್ಯಾಯ ಓದು, ವಿವರಣೆ ಬೇಡ. (ಕಣ್ಣೊಡೆಯಲು ಕಡ್ಡಿಗೆ ಡಾರ್ಮೆಕ್ಸ್ ಹಚ್ಚುವ ದಿನ ಮಾತ್ರ ಮಕ್ಕಳನ್ನು ತೋಟದ ಹತ್ತಿರ ಬಿಡಬೇಡ, ಅದು ವಿಷ.)

ಮಾರ್ಚ್‌ನಲ್ಲಿ ಶೆಡ್ಡಿನಲ್ಲಿ ಒಣದ್ರಾಕ್ಷಿ ಆಗುವಾಗ ಲೆಕ್ಕ ಕಲಿಸು. ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣಗಿದ್ದು. ಹಾಗಾದರೆ ಒಂದು ಟನ್ನಿಗೆ ಎಷ್ಟು? ಆರಿಸಲು ಬರುವ ಹೆಣ್ಣುಮಕ್ಕಳ ಪಗಾರದ ವಹಿಯನ್ನು ಮಗಳ ಕೈಗೆ ಕೊಡು, ಕೂಡಿಸಲಿ. ಆಮೇಲೆ ಮತ್ತಾಯನ 20ನೇ ಅಧ್ಯಾಯ ಓದಿ, ದಿನವಿಡೀ ದುಡಿದವನಿಗೂ ಕೊನೇ ತಾಸಿಗೆ ಬಂದವನಿಗೂ ಒಂದೇ ಕೂಲಿ ಕೊಟ್ಟಿದ್ದು ಸರಿಯೇ ಎಂದು ಕೇಳು. ಅವಳು ತಿರುಗಿ, ನಾವು ಇವರಿಗೆ ಕೊಡುವುದು ಸಾಲುತ್ತದೆಯೇ ಎಂದು ಕೇಳಬಹುದು. ಉತ್ತರ ತಯಾರು ಮಾಡಿಟ್ಟುಕೊಂಡೇ ಈ ಪಾಠ ಎತ್ತಿಕೋ.

ಕಾಯ್ದೆಯ ಕಡೆಗೂ ಸ್ವಲ್ಪ ಗಮನ ಇರಲಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಶಾಲೆಯ ಮಾತನ್ನೇ ಹೇಳುತ್ತದೆ, ಮನೆಯಲ್ಲಿ ಓದಿಸುವವರ ಪ್ರಸ್ತಾಪ ಅದರಲ್ಲಿಲ್ಲ. ಹಾಗಾಗಿ ಶಾಲೆ ಬಿಟ್ಟ ಮಕ್ಕಳೆಂದು ಯಾರಾದರೂ ಕೇಳಿಕೊಂಡು ಬಂದರೆ ತೋರಿಸಲು ತಾರೀಕು ಹಾಕಿದ ವಹಿಗಳಿರಲಿ. ರಾಷ್ಟ್ರೀಯ ಮುಕ್ತ ಶಾಲೆಯ, ಅಂದರೆ ಎನ್‌ಐಓಎಸ್‌ನ, ಹತ್ತನೇ ತರಗತಿಗೆ 14 ತುಂಬಿದ ಮೇಲೆ ಹೆಸರು ಹಚ್ಚಬಹುದು. ಗಣಿತ, ವಿಜ್ಞಾನ ಆ ಮಟ್ಟಕ್ಕೆ ಏರುತ್ತಿವೆಯೋ ಎಂದು ವರ್ಷಕ್ಕೊಮ್ಮೆ ಹೊರಗಿನ ಒಬ್ಬ ಮಾಸ್ತರರಿಂದ ನೋಡಿಸು. ವಾಕ್ಯ ಬಾಯಿಪಾಠ ಬರುತ್ತದೆ, ಭಿನ್ನರಾಶಿ ಬರುವುದಿಲ್ಲ ಅಂದರೆ ದೇವರ ಹೆಸರಿಗೂ ಚಂದವಲ್ಲ.

ವಿಶ್ವಾಸಕ್ಕೆ ಪರೀಕ್ಷೆ ಇಲ್ಲದಿದ್ದರೆ ಮಕ್ಕಳ ಒಳಗು ತಿಳಿಯುವುದು ಹೇಗೆ ಅನ್ನುತ್ತೀಯ. ಇಂಗ್ಲೆಂಡಿನ ಎಪ್‌ವರ್ತ್‌ನಲ್ಲಿ ಸುಸಾನಾ ವೆಸ್ಲಿ ಎಂಬ ತಾಯಿ ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿದ್ದಳು. ವಾರದಲ್ಲಿ ಒಂದೊಂದು ಸಂಜೆ ಒಂದೊಂದು ಮಗುವಿನ ಜೊತೆ ಒಬ್ಬಳೇ ಕೂತು ಮಾತಾಡುತ್ತಿದ್ದಳು. ಮೆಥಡಿಸ್ಟ್ ಪಂಥ ಕಟ್ಟಿದ ಜಾನ್‌ನ ಪಾಲಿಗೆ ಗುರುವಾರ ಬಂದಿತ್ತು. ಅವಳಿಗೆ ಅಷ್ಟು ಮಕ್ಕಳು, ನಿನಗೆ ಇಬ್ಬರೇ. ವಹಿ ಇಲ್ಲದೆ, ಮೊಬೈಲ್ ಇಲ್ಲದೆ ಕೂತು ಕೇಳಿಸಿಕೋ.

ಕೊನೆಗೆ ಒಂದು ಮಾತು. ಪಟ್ಟಿಯ ಪ್ರತಿ ಸಾಲಿನ ಮುಂದೆ ನಿನ್ನ ಹೆಸರೇ ಇದೆ, ನಿಮ್ಮ ಯಜಮಾನರ ಹೆಸರು ಒಂದು ಕಡೆಯೂ ಇಲ್ಲ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಲು ಅವರು ಹೇಗೂ ಹೋಗುತ್ತಾರೆ, ವಾರಕ್ಕೊಮ್ಮೆ ಮಗನನ್ನು ಕರೆದುಕೊಂಡು ಹೋಗಲಿ. ಆ ಸಾಲು ಸೇರಿಸಿ, ಇಬ್ಬರೂ ಸಹಿ ಮಾಡಿ, ಪಟ್ಟಿಯನ್ನು ಮತ್ತೆ ಕಳಿಸು. ಈ ಸಲ ಎರಡು ಪುಟ ಮೀರಬಾರದು.