ಹಿಂಗಾರಿನ ಹಿತ್ತಲು

ಪಂಚಾಂಗದ ಸಂವತ್ಸರವು ಚೈತ್ರದಲ್ಲಿ ಮೊದಲಾಗುವುದಾದರೂ, ಮೈಸೂರಿನ ಸುತ್ತಿನ ಸೀಮೆಯಲ್ಲಿ ತರಕಾರಿಯ ಹಿತ್ತಲಿನ ಸಂವತ್ಸರವು ಶ್ರಾವಣ ಭಾದ್ರಪದಗಳ ಸಂಧಿಯಲ್ಲಿ, ಮಖೆ ಹುಬ್ಬೆಗಳ ಮಳೆ ನಡೆಯುತ್ತಿರುವಾಗ ಮೊದಲಾಗುತ್ತದೆಂದು ಹಲವು ವರ್ಷಗಳ ಅಭ್ಯಾಸದಿಂದ ಮನಗಂಡಿದ್ದೇನೆ. ಬೇಸಗೆಯ ತಾಪಕ್ಕೂ ಮುಂಗಾರಿನ ಅನಿಶ್ಚಯಕ್ಕೂ ಸಿಕ್ಕಿ, ಒಂದೆರಡು ಬಗೆಯ ಸೊಪ್ಪನ್ನುಳಿದು ಬೇರೇನನ್ನೂ ಧಾರಾಳವಾಗಿ ಕೊಡಲಾರದಿದ್ದ ನೆಲವೇ, ಶರದೃತು ಕಳೆದು ಹೇಮಂತ ಕಾಲಿಡುವ ವೇಳೆಗೆ ಕೋಸು, ಗಜ್ಜರಿ, ಹುರುಳಿಕಾಯಿ, ಅವರೆ, ಟೊಮ್ಯಾಟೊಗಳನ್ನು ಅಡುಗೆಮನೆಯ ಬುಟ್ಟಿಗೆ ದಿನದಿನವೂ ಒದಗಿಸಬಲ್ಲುದಾಗುತ್ತದೆ. ಆದರೆ ಈ ಸಮೃದ್ಧಿಯು ಶರತ್ಕಾಲ ಬಂದ ಮೇಲೆ ಗುದ್ದಲಿ ಹಿಡಿದವನಿಗೆ ಒಲಿಯತಕ್ಕದ್ದಲ್ಲ. ಕಣ್ಣ ಮುಂದಿರುವ ಮಳೆಬಿಸಿಲುಗಳನ್ನು ನೋಡಿ ಬೀಜ ಹಾಕಿದರೆ ಸಾಲದು. ಆ ಬೀಜ ಗಿಡವಾಗಿ, ಹೂವಾಗಿ, ಕಾಯಾಗುವ ಕಾಲಕ್ಕೆ ಎಂತಹ ಮಳೆ, ಎಂತಹ ಬಿಸಿಲು ಇರುವುದೆಂಬುದನ್ನು ಮುಂಗಂಡು, ಅಲ್ಲಿಂದ ಇಂದಿನವರೆಗೆ ಹಿಂದಕ್ಕೆ ಎಣಿಸಿಕೊಂಡು ಬರಬೇಕು. ಹಿಂಗಾರಿನ ಕೈತೋಟದ ವಿದ್ಯೆಯೆಲ್ಲ ಈ ಹಿನ್ನೆಣಿಕೆಯಲ್ಲಿ ಅಡಗಿದೆ.

ನಮ್ಮ ಕಡೆ ವರ್ಷಕ್ಕೆ ಬೀಳುವ ಸುಮಾರು 800 ಮಿಲಿಮೀಟರು ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಆಷಾಢದಲ್ಲಿ ಕೊಡಗನ್ನೂ ಮಲೆನಾಡನ್ನೂ ತೋಯಿಸುವ ಮುಂಗಾರು, ಘಟ್ಟವನ್ನು ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಬರಿಯ ಸೋನೆಯಾಗಿ ಸವೆದಿರುತ್ತದೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರಿನ ಮೂರನೆಯ ವಾರದವರೆಗೆ ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಸಂಜೆಯ ಹೊತ್ತು ಗುಡುಗಿನೊಡನೆ ಸುರಿಯುವ ಮಳೆಯೇ ನಮ್ಮ ನೆಲದ ದಾಹವನ್ನು ತೀರಿಸುವಂಥದು. ಆಮೇಲೆ ಸ್ವಾತಿ ವಿಶಾಖೆಗಳಲ್ಲಿ ಮಳೆ ವಿರಳವಾಗಿ, ಆಕಾಶ ತೆರೆದು, ಇಬ್ಬನಿ ಬೀಳತೊಡಗುತ್ತದೆ. ಎಳೆಯ ಸಸಿ ಬೇರೂರುವುದಕ್ಕೆ ಆ ಮಳೆ ಬೇಕು. ಹೂವು ಕಾಯಾಗುವುದಕ್ಕೆ ಈ ಒಣಹವೆ ಬೇಕು. ಟೊಮ್ಯಾಟೊ ಗಿಡವು ಹಸ್ತದ ಮಳೆಯಲ್ಲಿ ಹಣ್ಣು ಹೊತ್ತು ನಿಂತಿತೆಂದರೆ ಹಣ್ಣು ಬಿರಿಯುತ್ತದೆ, ಎಲೆಗೆ ಅಂಗಮಾರಿ ತಗಲುತ್ತದೆ. ಅದೇ ಗಿಡವು ಆ ಮಳೆಯಲ್ಲಿ ಮೊಣಕಾಲೆತ್ತರಕ್ಕೆ ಬೆಳೆಯುತ್ತಿದ್ದು ದೀಪಾವಳಿಯ ಆಸುಪಾಸಿನಲ್ಲಿ ಕಾಯಿಗಟ್ಟಿದರೆ, ಮಾಗಿಯ ಬಿಸಿಲಿನಲ್ಲಿ ಕಳಂಕವಿಲ್ಲದೆ ಹಣ್ಣಾಗುತ್ತದೆ.

ಆದಕಾರಣ ನನ್ನ ಯೋಜನೆಯ ಪುಸ್ತಕವು ಅಡುಗೆಯ ಮನೆಯಿಂದ ಆರಂಭವಾಗಿ ಹಿತ್ತಲಿನ ಕಡೆಗೆ ಹಿಮ್ಮುಖವಾಗಿ ನಡೆಯುತ್ತದೆ. ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಹುಟ್ಟುವಾಗ ಗಜ್ಜರಿ ಬೇಕೆಂದಾದರೆ, ಅದಕ್ಕೆ ಸುಮಾರು 90 ದಿನಗಳು ಹಿಡಿಯುವುದರಿಂದ, ಸೆಪ್ಟೆಂಬರ್ ಮಧ್ಯಕ್ಕೆ ಬೀಜ ಮಣ್ಣು ಸೇರಿರಬೇಕು. ಟೊಮ್ಯಾಟೊ ಸಸಿಮಡಿಯಲ್ಲಿ 25ರಿಂದ 30 ದಿನಗಳನ್ನೂ, ಕಿತ್ತು ನೆಟ್ಟ ಮೇಲೆ ಮೊದಲ ಹಣ್ಣಿಗೆ ಇನ್ನು ಎರಡು ತಿಂಗಳಿಗೂ ಮೇಲ್ಪಟ್ಟ ಕಾಲವನ್ನೂ ಬೇಡುವುದರಿಂದ, ಅದರ ಬೀಜವನ್ನು ಆಗಸ್ಟಿನ ಕೊನೆಯಲ್ಲಿಯೇ ಚೆಲ್ಲಬೇಕು. ಹುರುಳಿಕಾಯಿಗೆ 50ರಿಂದ 60 ದಿನಗಳೂ ಮೂಲಂಗಿಗೆ 40ರಿಂದ 50 ದಿನಗಳೂ ಸಾಕು; ಅವು ಚಿತ್ತೆಯವರೆಗೆ ಕಾಯಬಲ್ಲವು.

ಮಳೆಯ ಗಣನೆಗಿಂತ ಸೂಕ್ಷ್ಮವಾದುದು ಬೆಳಕಿನ ಗಣನೆ. ನಮ್ಮ ಹಿತ್ತಲು ಮನೆಯ ಉತ್ತರಕ್ಕಿದೆ. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಜೂನ್ ಜುಲೈಗಳ ನಡುಹಗಲಿನಲ್ಲಿ ಸೂರ್ಯನು ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಆಗ ಮನೆಯ ನೆರಳು ಮುಂದಿನ ಬೀದಿಯ ಕಡೆಗೆ ಬಿದ್ದು, ಹಿತ್ತಲಿನ ಗೋಡೆಯ ಬುಡವೂ ಬಿಸಿಲನ್ನು ಕಾಣುತ್ತದೆ. ಆಗಸ್ಟ್ 20ರ ಆಸುಪಾಸಿನಲ್ಲಿ ನೆತ್ತಿಗೆ ಬಂದವನು, ಅಲ್ಲಿಂದ ಮುಂದೆ ದಿನೇ ದಿನೇ ದಕ್ಷಿಣಕ್ಕೆ ಸರಿಯುತ್ತ, ಡಿಸೆಂಬರ್ 21ರ ವೇಳೆಗೆ ನಡುಹಗಲಿನಲ್ಲಿಯೂ ನೆತ್ತಿಯಿಂದ ಸುಮಾರು 36 ಡಿಗ್ರಿ ಇಳಿದಿರುತ್ತಾನೆ. ಅಂದು 10 ಅಡಿ ಎತ್ತರದ ಗೋಡೆಯ ನೆರಳು 7 ಅಡಿಗೆ ಮಿಗಿಲಾಗಿ ಉತ್ತರಕ್ಕೆ ಚಾಚುತ್ತದೆ. ಹೀಗಾಗಿ ಶ್ರಾವಣದಲ್ಲಿ ಬಿಸಿಲುಗಂಡು ನಮ್ಮನ್ನು ಕರೆಯುವ ಗೋಡೆಯ ಮಗ್ಗುಲಿನ ನೆಲವೇ, ಟೊಮ್ಯಾಟೊ ಹೂಬಿಡುವ ಕಾಲಕ್ಕೆ ನೆರಳಿನ ಪಾಲಾಗಿರುತ್ತದೆ. ಬೀಜ ಹಾಕುವ ದಿನದ ಬಿಸಿಲನ್ನು ನಂಬದೆ ಕಾಯಿ ಬಿಡುವ ದಿನದ ನೆರಳನ್ನು ಅಳೆದಿಟ್ಟುಕೊಂಡು, ಗೋಡೆಯ ಬದಿಯನ್ನು ಪುದೀನ, ಕೊತ್ತಂಬರಿ, ಪಾಲಕ್ ಸೊಪ್ಪುಗಳಿಗೆ ಬಿಟ್ಟುಕೊಡುವುದು, ಅದರಾಚೆಗೆ ಬೇರುಗಡ್ಡೆಗಳನ್ನೂ ಕೋಸನ್ನೂ, ಅದಕ್ಕೂ ಆಚೆ ಬದನೆ ಟೊಮ್ಯಾಟೊಗಳನ್ನೂ, ಉತ್ತರದ ಕಟ್ಟಕಡೆಯಲ್ಲಿ ಅವರೆಯ ಚಪ್ಪರವನ್ನೂ ಇಡುವುದು ನನ್ನ ಕ್ರಮವಾಯಿತು. ಎತ್ತರವಾದುದು ಉತ್ತರಕ್ಕೆ ನಿಂತರೆ ಅದರ ನೆರಳು ಬೇಲಿಯಾಚೆ ಬೀಳುತ್ತದೆಯೇ ಹೊರತು ಗಿಡ್ಡ ಗಿಡಗಳ ಅನ್ನವನ್ನು ಕಸಿಯುವುದಿಲ್ಲ.

ನೆಲದ ಸಂಸ್ಕಾರಕ್ಕೆ ಇದಕ್ಕಿಂತಲೂ ಮುಂಚೆ ಕೈಹಾಕಬೇಕು. ಜೂನ್ ತಿಂಗಳಿನಲ್ಲಿ ಬರಿದಾದ ಪಾತಿಗಳಿಗೆ ಸೆಣಬನ್ನು ಚೆಲ್ಲಿ, ಅದು ಮೊಗ್ಗು ತೋರುವ ಹೊತ್ತಿಗೆ, ಎಂದರೆ ಸುಮಾರು 45 ದಿನಗಳಿಗೆ, ಕೊಯ್ದು ಅಲ್ಲಿಯೇ ಮಣ್ಣಿಗೆ ಮಗುಚಿ ಕೊಳೆಯಬಿಟ್ಟರೆ, ನಾಟಿಯ ವೇಳೆಗೆ ನೆಲ ಮೆತ್ತಗಾಗಿಯೂ ಸಾರವತ್ತಾಗಿಯೂ ಇರುತ್ತದೆ. ಕೊಟ್ಟಿಗೆಯ ಗೊಬ್ಬರ ಪೂರ್ಣವಾಗಿ ಕಳಿತದ್ದಾಗಿರಬೇಕು. ಹಸಿಗೊಬ್ಬರವು ಗೊಣ್ಣೆಹುಳುವನ್ನು ಕರೆತರುವುದಲ್ಲದೆ ಗಜ್ಜರಿಯ ಗಡ್ಡೆಯನ್ನು ಕವಲೊಡೆಯಿಸುತ್ತದೆ. ಮಳೆಗಾಲದ ನಡುವೆ ಅಗೆಯುವುದಕ್ಕೆ ಹದವರಿಯಬೇಕೆಂಬುದನ್ನು, ಆಗಾಗ್ಗೆ ನಮ್ಮ ಮನೆಗೆ ಮಣ್ಣಿನ ಕೆಲಸಕ್ಕೆ ಬರುತ್ತಿದ್ದ ಹಳ್ಳಿಯ ಹಿರಿಯನೊಬ್ಬನು ಕಲಿಸಿದನು. “ಮಣ್ಣು ಕೈಗಂಟ್ತಾ ಇರೋವಾಗ ಗುದ್ದಲಿ ಹಾಕಬ್ಯಾಡಿ ಸ್ವಾಮಿ, ಆಮೇಲೆ ವರ್ಸವೆಲ್ಲ ಹೆಂಟೆ ಒಡೀತಾ ಕೂತ್ಕೋಬೇಕಾಯ್ತದೆ” ಎಂದು ಹೇಳಿ, ಹಿಡಿಮಣ್ಣನ್ನು ಉಂಡೆಗಟ್ಟಿ ಎದೆಯೆತ್ತರದಿಂದ ಕೆಳಗೆ ಬಿಟ್ಟು ತೋರಿಸಿದನು. ಉಂಡೆ ಅಪ್ಪಚ್ಚಿಯಾದರೆ ಕಾಯಬೇಕು, ಉದುರಿ ಪುಡಿಯಾದರೆ ಅಗೆಯಬಹುದು. ಎರೆಯ ಅಂಶ ಕೂಡಿದ ನಮ್ಮ ಕೆಂಪುಮಣ್ಣಿಗೆ ಈ ಪರೀಕ್ಷೆ ಎಂದೂ ಹುಸಿಯಾದುದಿಲ್ಲ. ಪಾತಿಗಳನ್ನು ನೆಲದಿಂದ ಮುಕ್ಕಾಲು ಅಡಿ ಎತ್ತರಿಸಿ, ಎರಡು ಮಗ್ಗುಲಿನಿಂದಲೂ ಕೈ ನಡುವಿಗೆ ಎಟಕುವಂತೆ ಮೂರಡಿಗಿಂತ ಅಗಲವಾಗದಂತೆ ಮಾಡಿಕೊಂಡರೆ, ಹಸ್ತದ ಮಳೆಯ ನೀರು ಕಾಲುವೆಗಿಳಿದು ಹೋಗುತ್ತದೆ. ಪಾತಿಯನ್ನು ತುಳಿದು ಮಣ್ಣನ್ನು ಗಟ್ಟಿಯಾಗಿಸುವ ಪ್ರಸಂಗವೂ ಬಾರದು.

ಸಸಿಮಡಿಯ ಆರೈಕೆಯೆಲ್ಲ ಹುಬ್ಬೆಯ ಮಳೆಯಲ್ಲಿ ನಡೆಯುವುದರಿಂದ ಅಲ್ಲಿ ಅಂಜಬೇಕಾದುದು ಹೆಚ್ಚಿದ ತೇವಕ್ಕೆ. ಒತ್ತಾಗಿ ಚೆಲ್ಲಿದ ಬೀಜವೆಲ್ಲ ಮೊಳೆತು ನೋಟಕ್ಕೆ ಸೊಗಸಾಗಿ ಕಂಡ ಮಡಿಯಲ್ಲಿಯೇ, ಮೋಡ ಕವಿದ ಎರಡು ಮೂರು ದಿನಗಳೊಳಗೆ, ಮಣ್ಣಿನ ಶಿಲೀಂಧ್ರಗಳು ಬುಡವನ್ನು ಕೊಳೆಯಿಸಿ ಸಸಿಗಳು ಗುಂಪುಗುಂಪಾಗಿ ಒರಗಿಬಿಡುತ್ತವೆ. ಬೀಜವನ್ನು ಸಾಲಿನಲ್ಲಿ ವಿರಳವಾಗಿ ಹಾಕುವುದು, ಸಂಜೆಗೆ ಮೇಲ್ಮಣ್ಣು ಒಣಗಿರುವಂತೆ ಬೆಳಗ್ಗೆಯೇ ನೀರು ಚಿಮುಕಿಸುವುದು, ಜೋರು ಮಳೆಗೆ ಮಾತ್ರ ತೆಂಗಿನ ಗರಿಯನ್ನು ಮರೆಮಾಡಿ ಮಳೆ ನಿಂತೊಡನೆ ತೆಗೆಯುವುದು, ಇಷ್ಟರಿಂದ ಬಹುಮಟ್ಟಿಗೆ ಕ್ಷೇಮವುಂಟು. ಮೂಲಂಗಿ, ಗಜ್ಜರಿ, ಬೀಟ್‌ರೂಟುಗಳನ್ನು ಸಸಿಮಡಿಗೆ ಹಾಕಲೇಕೂಡದು. ತಾಯಿಬೇರು ನೊಂದರೆ ಗಡ್ಡೆ ಕೆಡುತ್ತದೆ. ಕೊತ್ತಂಬರಿಯ ಬೀಜವನ್ನು ಮಣೆಯ ಮೇಲೆ ಉಜ್ಜಿ ಇಬ್ಭಾಗವಾಗಿಸಿ ಬಿತ್ತಿದರೂ ಮೊಳೆಯಲು ವಾರಕ್ಕೂ ಮೇಲಾಗುತ್ತದೆ. ಮೂರು ನಾಲ್ಕು ದಿನಗಳಲ್ಲಿ ತಲೆಯೆತ್ತುವ ಮೆಂತ್ಯವನ್ನು ನೋಡಿ ಅದನ್ನು ಶಂಕಿಸಲಾಗದು.

ತಳಿಯ ಆಯ್ಕೆಯಲ್ಲಿಯೂ ಋತುವಿನ ವಿವೇಚನೆಯೇ ಮುಖ್ಯ. 1822ರಲ್ಲಿ ಇಂಗ್ಲೆಂಡಿನಿಂದ ಬಂದು ಸಹಾರನಪುರದ ಕಂಪನಿ ತೋಟದಲ್ಲಿ ಮೊದಲು ಪರೀಕ್ಷಿಸಲ್ಪಟ್ಟ ಹೂಕೋಸು, ಕ್ರಮೇಣ ಈ ದೇಶದ ಸೆಕೆಗೆ ಹೊಂದಿಕೊಂಡು ಬೇರೊಂದು ಕುಲವನ್ನೇ ಬೆಳೆಸಿತು. ಚಳಿಯನ್ನು ಬಯಸುವ ವಿಲಾಯಿತಿ ಕುಲವನ್ನು ನಮ್ಮ ಹದವಾದ ಹವೆಯಲ್ಲಿ ನೆಟ್ಟರೆ ಎಲೆಯ ಮೇಲೆ ಎಲೆ ಬರುತ್ತದೆಯೇ ಹೊರತು ಹೂವು ಕಟ್ಟದು. ಆದುದರಿಂದ ಬೀಜದ ಪೊಟ್ಟಣದ ಮೇಲಿನ ಚಿತ್ರಕ್ಕಿಂತ ತಳಿಯ ಕಾಲವನ್ನು ಓದುವುದು ಕ್ಷೇಮ. ಅವರೆಯ ವಿಷಯ ಇದಕ್ಕಿಂತ ವಿಸ್ಮಯಕರವಾದುದು. ನಮ್ಮಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಗೂ ಕಡಮೆ. ಅಷ್ಟನ್ನೇ ಅರಿತು ನಾಡಿನ ಹಳೆಯ ಅವರೆ, ಆಷಾಢದಲ್ಲಿ ಬಿತ್ತಿದ್ದಾಗಲಿ ಶ್ರಾವಣದಲ್ಲಿ ಬಿತ್ತಿದ್ದಾಗಲಿ, ಹಗಲು ಕುಗ್ಗುವ ಕಾಲಕ್ಕೇ ಹೂವಿಗೆ ಬರುತ್ತದೆ. ಮೊದಲು ಬಿತ್ತಿದವನಿಗೆ ದೊರೆಯುವುದು ಮುಂಚಿನ ಕಾಯಲ್ಲ, ಹಬ್ಬಿದ ಬಳ್ಳಿ ಮಾತ್ರ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆಯ ತಳಿಗಳಿಗೆ ಹಗಲಿನ ಈ ಕಟ್ಟುಪಾಡಿಲ್ಲದ್ದರಿಂದ ಅವನ್ನು ಬೇಕಾದಾಗ ಬೆಳೆಯಬಹುದು. ಆದರೂ ಧನುರ್ಮಾಸದ ಸೊಗಡಿಗಾಗಿ ಚಪ್ಪರದ ಮೇಲೆ ಹಳೆಯ ಬಳ್ಳಿಯನ್ನೇ ಹಬ್ಬಿಸುತ್ತೇನೆ.

ಪ್ರಮಾಣಜ್ಞಾನವೆಂಬುದೊಂದು ಉಂಟು. ಮೂಲಂಗಿಯನ್ನೆಲ್ಲ ಒಂದೇ ದಿನ ಬಿತ್ತಿದರೆ ಒಂದೇ ವಾರದಲ್ಲಿ ಕಿತ್ತು ಬೀದಿಗೆಲ್ಲ ಹಂಚಬೇಕಾಗುತ್ತದೆ. ಅನಂತರ ತಿಂಗಳೊಪ್ಪತ್ತು ಅದರ ಮುಖವನ್ನು ಕಾಣುವಂತಿಲ್ಲ. ಮೂಲಂಗಿ, ಮೆಂತ್ಯ, ಕೊತ್ತಂಬರಿಗಳ ಪಾತಿಯನ್ನು ಭಾಗಮಾಡಿ, ಹತ್ತು ಹದಿನೈದು ದಿನಗಳಿಗೊಮ್ಮೆ ಒಂದೊಂದು ಭಾಗವನ್ನು ಬಿತ್ತುತ್ತ ಹೋದರೆ ಸಂಕ್ರಾಂತಿಯವರೆಗೆ ಸರಪಳಿ ತುಂಡಾಗುವುದಿಲ್ಲ. ಹುಳುಗಳ ವಿಷಯದಲ್ಲಿಯೂ ಮುಂದಾಲೋಚನೆಯೇ ಮದ್ದು: ಕೋಸಿಗೆ ಹದಿನೈದು ದಿನ ಮುಂಚೆ ಅಂಚಿನಲ್ಲಿ ಸಾಸಿವೆಯನ್ನು ಬಿತ್ತಿದರೆ, ಕೋಸನ್ನು ತಿನ್ನುವ ಹುಳುವಿನ ಪತಂಗ ಸಾಸಿವೆಗೇ ಮೊದಲು ಮೊಟ್ಟೆಯಿಡುತ್ತದೆ; ಟೊಮ್ಯಾಟೊ ಸಾಲಿನ ಮಗ್ಗುಲಿಗೆ ಚೆಂಡುಹೂವನ್ನು ನೆಟ್ಟರೆ ಕಾಯಿಕೊರಕದ ಚಿಟ್ಟೆಯನ್ನು ಅದು ತನ್ನೆಡೆಗೆ ಸೆಳೆಯುತ್ತದೆ.

ಇಷ್ಟೆಲ್ಲ ಎಣಿಸಿದ ಮೇಲೂ ಎಣಿಕೆಗೆ ಒಳಪಡದುದೊಂದು ಉಳಿಯುತ್ತದೆ. ಅಕ್ಟೋಬರ್ ನವೆಂಬರುಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ, ಮಳೆ ತೀರಿತೆಂದು ನಾವು ನಿಶ್ಚಿಂತರಾಗಿರುವಾಗಲೇ ಜಿಟಿಜಿಟಿ ಹಿಡಿದು ಬೇರುಗಳು ಕೊಳೆಯುವುದುಂಟು. ಕೆಲವು ವರ್ಷ ಹಸ್ತವೇ ಹನಿಯದೆ ಕೈಬಿಡುವುದೂ ಉಂಟು. ಆದುದರಿಂದ ಪ್ರತಿ ವರ್ಷವೂ ಒಂದು ಪಾತಿಯನ್ನು ಹದಮಾಡಿ ಬರಿದಾಗಿಯೇ ಬಿಡುತ್ತೇನೆ. ಮೊದಲ ಸಸಿಮಡಿಯಾದ ಹದಿನೈದು ದಿನಗಳಿಗೆ ಚಿಕ್ಕದೊಂದು ಎರಡನೆಯ ಮಡಿಯನ್ನೂ ಹಾಕುತ್ತೇನೆ. ಮೊದಲಿನ ನಾಟಿ ಅಳಿದರೆ ಆ ಸಸಿಗಳಿಗೆ ಈ ಪಾತಿ ಸಿದ್ಧವಾಗಿರುತ್ತದೆ; ಅಳಿಯದಿದ್ದರೆ ಸಸಿಗಳು ನೆರೆಮನೆಗಳಿಗೆ ಸಲ್ಲುತ್ತವೆ, ಪಾತಿಗೆ ಮೆಂತ್ಯ ಬೀಳುತ್ತದೆ. ಮುಂಗಾಣುವವನು ತನ್ನ ಕಾಣ್ಕೆ ಹುಸಿಯಾಗಬಹುದಾದುದಕ್ಕೂ ಸ್ವಲ್ಪ ನೆಲವನ್ನು ಮೀಸಲಿಡಬೇಕು; ನಮ್ಮಂಥ ಮಳೆಯ ನಾಡಿನಲ್ಲಿ ಹಿತ್ತಲನ್ನು ಹೂಡುವವರಿಗೆ ಈ ಮೀಸಲೂ ಯೋಜನೆಯ ಒಂದು ಅಂಗವೇ ಆಗಿದೆ.