ಪಂಕ್ತಿಯಲ್ಲಿ ಯಾರು ಕೂತಿದ್ದಾರೆ, ನೋಡು

ಧರ್ಮದಿಂದ ಲೋಕಕ್ಕೆ ಒಳಿತಾಗಿದ್ದು ಹೆಚ್ಚೋ ಕೆಡುಕಾಗಿದ್ದು ಹೆಚ್ಚೋ ಅಂತ ಕೇಳಿದೆಯಲ್ಲ ಮಗೂ, ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವವರನ್ನು ಬೇಗ ನಂಬಬೇಡ. ಜಮಾ-ಖರ್ಚು ಬರೆದು ಮುಗಿಸುವ ಲೆಕ್ಕವಲ್ಲ ಇದು. ನನ್ನನ್ನು ಕೇಳಿದರೆ, ಊಟದ ಪಂಕ್ತಿ ನೋಡು ಅನ್ನುತ್ತೇನೆ.

ಒಮ್ಮೆ ತುಮಕೂರಿನ ಸಿದ್ಧಗಂಗೆಗೆ ಹೋಗಿ ಬಾ. ಶಿವಕುಮಾರ ಸ್ವಾಮಿಗಳು 1941ರಲ್ಲಿ ಆ ಮಠದ ಹೊಣೆ ಹೊತ್ತರು. ಅನ್ನ, ಅಕ್ಷರ, ಆಶ್ರಯ ಮೂರನ್ನೂ ಸಾವಿರಾರು ಬಡ ಮಕ್ಕಳಿಗೆ ಜಾತಿ ಕೇಳದೆ ಕೊಟ್ಟರು. ಮಳೆ ಕೈಕೊಟ್ಟ ಬಯಲುಸೀಮೆಯ ಎಷ್ಟೋ ಮನೆಗಳ ಮೊದಲ ಓದು ಶುರುವಾದದ್ದು ಅಲ್ಲಿ. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿ ಹೊರಬಿತ್ತು. ಇದನ್ನೆಲ್ಲ ಮಾಡಿಸಿದ್ದು ಭಕ್ತಿಯೇ. ದೇವರನ್ನು ನಂಬದವನೂ ಇದನ್ನು ಒಪ್ಪಲೇಬೇಕು.

ಹಾಗೇ ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನದ ಕಡೆಗೂ ನೋಡು. ಚಂಪಾಷಷ್ಠಿಯ ಹೊತ್ತಿಗೆ ಬ್ರಾಹ್ಮಣರು ಉಂಡೆದ್ದ ಎಂಜಲೆಲೆಗಳ ಮೇಲೆ ಜನ ಉರುಳುತ್ತಿದ್ದರು, ಚರ್ಮರೋಗ ಹೋಗುತ್ತದೆಂದು. ಮಡೆಸ್ನಾನ ಅಂತ ಅದರ ಹೆಸರು. ಅದು ನಿಲ್ಲಲಿ ಎಂದು ಹೋರಾಡಿದವರಲ್ಲಿ ಎಡಪಕ್ಷದವರಿದ್ದರು, ನಿಡುಮಾಮಿಡಿ ಮಠದ ಸ್ವಾಮಿಗಳೂ ಇದ್ದರು. 2014ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆದರೆ ನಿಲ್ಲಿಸಬೇಡಿ ಎಂದು ಪಟ್ಟು ಹಿಡಿದವರಲ್ಲಿ ಉರುಳುತ್ತಿದ್ದ ಮಲೆಕುಡಿಯ ಬುಡಕಟ್ಟಿನವರೇ ಇದ್ದರು. ನಿನ್ನಂಥ ಓದಿದ ಹುಡುಗರು ಎಡವುವುದು ಇಲ್ಲೇ. 'ಅವರಾಗಿಯೇ ಉರುಳುತ್ತಿದ್ದರು, ಅವರ ನಂಬಿಕೆ, ನಮಗೇನು' ಅಂದುಬಿಡುತ್ತೀರಿ. ಉರುಳುತ್ತಿದ್ದವರ ನಂಬಿಕೆಯನ್ನು ಗೇಲಿ ಮಾಡಬೇಡ, ಅವರು ಬರುತ್ತಿದ್ದುದು ಕಾಯಿಲೆಯ ಕಷ್ಟಕ್ಕೆ. ಆದರೆ ಎಲೆಯಲ್ಲಿ ಉಂಡವರು ಮಾತ್ರ ಯಾವಾಗಲೂ ಒಂದೇ ಜಾತಿಯವರು ಏಕೆ ಅಂತ ಕೇಳದೆ ಬಿಡಬೇಡ.

ಹಾಗಾದರೆ ಧರ್ಮ ಬಿಟ್ಟರೆ ಎಲ್ಲ ಸರಿಹೋಯಿತು ಅಂತಲೂ ತಿಳಿಯಬೇಡ. ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಸ್ವಾಮಿಯೂ ಇಲ್ಲ, ಪೂಜೆಯೂ ಇಲ್ಲ. ಆದರೂ ದಲಿತ ಹೆಂಗಸು ಅಡುಗೆ ಮಾಡಿದಳೆಂದು ಮಕ್ಕಳಿಗೆ ಉಣ್ಣಬೇಡಿ ಅಂದ ಊರುಗಳ ಸುದ್ದಿ ಪೇಪರಿನಲ್ಲಿ ಓದಿದ್ದೇವೆ. ಗುಡಿಯಲ್ಲಿ ಕಲಿತ ಮಡಿ-ಮೈಲಿಗೆ ಗುಡಿಯ ಬಾಗಿಲಲ್ಲೇ ನಿಲ್ಲುವುದಿಲ್ಲ, ನೋಡು.

ಇನ್ನೊಂದು ಮಾತು. ಮಠ ಇಷ್ಟು ಮಕ್ಕಳಿಗೆ ಅನ್ನ ಹಾಕುತ್ತಿದೆ, ಧರ್ಮದ ಬಗ್ಗೆ ಸೊಲ್ಲೆತ್ತಬೇಡ ಅನ್ನುವವರು ಸಿಗುತ್ತಾರೆ. ಸಿದ್ಧಗಂಗೆಯ ಪುಣ್ಯ ಸಿದ್ಧಗಂಗೆಯದ್ದು, ಕುಕ್ಕೆಯ ಎಂಜಲೆಲೆಗೆ ಅದನ್ನು ಜಮಾ ಮಾಡಲಾಗದು. ಪಕ್ಕದ ಮನೆಯವರ ಧರ್ಮದ ಹುಳುಕು ಹುಡುಕುವುದಂತೂ ಬಲು ಸುಲಭ, ಅದಕ್ಕೆ ಇವತ್ತು ಒಂದು ಮೊಬೈಲ್ ಸಾಕು. ನೀನು ನಮ್ಮದರಿಂದ ಶುರುಮಾಡು. ಜಾತ್ರೆಗೆ ಬರುತ್ತೀಯಲ್ಲ, ಅನ್ನಸಂತರ್ಪಣೆಯಲ್ಲಿ ಬಡಿಸುವ ಕೆಲಸಕ್ಕೆ ನಿಲ್ಲು. ಯಾರಿಗಾದರೂ ಬೇರೆ ಪಂಕ್ತಿ ಹಾಕಿದ್ದು ಕಂಡರೆ ಸಾಂಬಾರಿನ ಬಕೆಟ್ ಕೆಳಗಿಟ್ಟು ಸಮಿತಿಯವರನ್ನು ಅಲ್ಲೇ ಕೇಳು. ಸಮಿತಿಯಲ್ಲಿ ನಿಮ್ಮಪ್ಪನೇ ಇದ್ದರೂ ಕೇಳು.